ಗೇಟಿಲ್ಲದ ದಾರಿ

ಅವರು ತೀರಿಕೊಂಡ ಸುದ್ದಿಯನ್ನು ಅವರ ಮಗಳು ಫೋನಿನಲ್ಲಿ ಹೇಳಿದಾಗ ನನ್ನ ಬಾಯಿಂದ ಮೊದಲು ಬಂದದ್ದು ‘ಅಯ್ಯೋ’ ಅಲ್ಲ. ‘ಮಣ್ಣು ಎಲ್ಲಿ?’ ಎಂದು ಕೇಳಿದೆ. ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

‘ಅದೇ ತಿಳೀವಲ್ದು ಅಕ್ಕಾ,’ ಎಂದಳು. ‘ಅಮ್ಮನ ಬಾಜೂಕ ಇಡ್ರಿ ಅಂತಿದ್ರು. ಅಮ್ಮ ಎಲ್ಲದಾಳ ಅಂತ ನಿಮಗ ಗೊತ್ತೈತಲ್ಲ.’

ಗೊತ್ತಿತ್ತು. ಅವಳ ಅಮ್ಮ ಮಣಿಕೊಂಡದಾಚೆಯ ಒಂದು ವಿಲ್ಲಾ ಬಡಾವಣೆಯ ಪಾರ್ಕಿನಲ್ಲಿ, ಮಕ್ಕಳ ಜಾರುಬಂಡೆಯ ಹತ್ತಿರ, ನೆಲದೊಳಗಿದ್ದರು. ಹೈದರಾಬಾದಿನಲ್ಲಿ ಯಾವ ಜಾಗದಲ್ಲಿ ಏನಿರಬೇಕು, ಏನಿರಬಾರದು ಎಂದು ಜೀವಮಾನವಿಡೀ ಬರೆದುಕೊಟ್ಟ ಮನುಷ್ಯನಿಗೆ ತನ್ನವಳ ಪಕ್ಕದಲ್ಲಿ ಕೂರುವಷ್ಟು ಜಾಗ ಉಳಿದಿರಲಿಲ್ಲ. ಅದು ಹೇಗಾಯಿತು ಎಂದು ಹೇಳಬೇಕಾದರೆ ಅವರು ಎಂಥವರು ಎಂದು ಹೇಳಬೇಕು. ಹೆಸರು ಮಾತ್ರ ಹೇಳುವುದಿಲ್ಲ. ಕಚೇರಿಯ ಬಾಗಿಲಿಗಿದ್ದ ತಮ್ಮ ಹೆಸರಿನ ಹಲಗೆಯನ್ನೇ ‘ಸುಮ್ಮನ ಧೂಳು ಕುಂದರತೈತಿ’ ಎಂದು ತೆಗೆಸಿಹಾಕಿದ್ದವರು ಅವರು.

ನಾನು ಮೈಸೂರಿನವಳು. ನಗರ ಯೋಜನೆ ಓದಿಕೊಂಡು ಹೈದರಾಬಾದಿಗೆ ಬಂದಾಗ ಅಲ್ಲಿ ಎಲ್ಲರೂ ಕಂಪ್ಯೂಟರಿನ ಹಿಂದೆ ಓಡುತ್ತಿದ್ದ ಕಾಲ. ಕೊಂಡಾಪುರದ ಪಿ.ಜಿ.ಯಲ್ಲಿ ನನ್ನ ಜೊತೆಗಿದ್ದ ಹುಡುಗಿಯರೆಲ್ಲ ಕೊರಳಿಗೆ ಕಾರ್ಡು ನೇತುಹಾಕಿಕೊಂಡು ಕಂಪನಿ ಬಸ್ಸು ಹತ್ತುತ್ತಿದ್ದರು. ನಾನೊಬ್ಬಳು ಸರ್ಕಾರಿ ಯೋಜನಾ ಕಚೇರಿಯಲ್ಲಿ ಗುತ್ತಿಗೆ ಕೆಲಸಕ್ಕೆ ಸೇರಿ, ಬೆವರಿಕೊಂಡು ಸಿಟಿ ಬಸ್ಸು ಹತ್ತುತ್ತಿದ್ದೆ. ನಮ್ಮ ವಿಭಾಗದ ಕೆಲಸ ಕೇಳುವುದಕ್ಕೆ ಸುಲಭ. ಹೊಸ ಬಡಾವಣೆ ಮಾಡುವವರು ನಕ್ಷೆ ತರುತ್ತಾರೆ. ಆ ಜಾಗಕ್ಕೆ ಮಾಸ್ಟರ್ ಪ್ಲಾನಿನಲ್ಲಿ ಯಾವ ಬಣ್ಣ ಹಚ್ಚಿದೆ, ಅಲ್ಲಿ ಮನೆ ಕಟ್ಟಬಹುದೇ, ಒಂದೊಂದು ಪ್ಲಾಟು ಎಷ್ಟು ದೊಡ್ಡದಿರಬೇಕು, ರಸ್ತೆ ಎಷ್ಟು ಅಗಲ, ಪಾರ್ಕಿಗೆ ಎಷ್ಟು ಬಿಟ್ಟಿದ್ದಾರೆ ಎಂದು ತಾಳೆ ನೋಡಿ ಬರೆಯುವುದು. ಊರಿನ ಪಶ್ಚಿಮಕ್ಕಿದ್ದ ಬಂಡೆಗಳೆಲ್ಲ ಆಗ ಒಡೆದು ಬಡಾವಣೆಗಳಾಗುತ್ತಿದ್ದವು. ನಕ್ಷೆಗಳು ನಮ್ಮ ಮೇಜಿನ ಮೇಲೆ ಸೌದೆಯ ಹಾಗೆ ರಾಶಿ ಬೀಳುತ್ತಿದ್ದವು.

ಮೊದಲ ದಿನ ನಾನು ಮನೆಗೆ ಫೋನು ಮಾಡುತ್ತಿದ್ದುದನ್ನು ಕೇಳಿಸಿಕೊಂಡು, ನಮ್ಮ ವಿಭಾಗದ ಅಧಿಕಾರಿಯಾಗಿದ್ದ ಅವರು ಹತ್ತಿರ ಬಂದರು. ತೆಳ್ಳಗಿನ, ಕಪ್ಪನೆಯ ಆಳು, ಹಣೆಯಲ್ಲಿ ಬೆವರಿಗೆ ಅರ್ಧ ಕರಗಿದ ವಿಭೂತಿ, ಕಾಲಿಗೆ ಕ್ಯಾನ್ವಾಸ್ ಬೂಟು. ‘ಮೈಸೂರೇನ್ರಿ? ನಿಮ್ಮ ಕನ್ನಡ ಇಸ್ತ್ರಿ ಹಾಕಿದಂಗೈತಿ. ನಮ್ಮದು ರಾಯಚೂರು, ಒಗದು ಹಂಗೇ ಒಣಗಿಸಿದ್ದು,’ ಎಂದರು. ಮರುದಿನದಿಂದ ನಾನು ಅವರಿಗೆ ‘ತಂಗಿ’ಯಾದೆ.

ಅವರದೊಂದು ಪದ್ಧತಿ ಇತ್ತು. ಬಿಲ್ಡರ್ ಕಡೆಯವರು ನಕ್ಷೆ ಬಿಚ್ಚಿ ಹಾಸಿದ ಕೂಡಲೇ ಅದನ್ನು ಮಗುಚಿಹಾಕುತ್ತಿದ್ದರು. ಬಣ್ಣದ ಮರಗಳು, ಕಾರಂಜಿ, ಕ್ಲಬ್ ಹೌಸು ಎಲ್ಲವೂ ಬೋರಲಾಗಿ ಮಲಗುತ್ತಿದ್ದವು. ಹಾಳೆಯ ಬಿಳಿ ಬೆನ್ನಿನ ಮೇಲೆ ಅಂಗೈ ಇಟ್ಟು, ‘ಆಗೂದು ಆಮ್ಯಾಲ. ಈಗ ಏನೈತಿ ಹೇಳ್ರಿ,’ ಎನ್ನುವರು. ತೆಲುಗಿನವರಿಗೆ ತೆಲುಗಿನಲ್ಲಿ, ಹಳೇ ಊರಿನವರಿಗೆ ಉರ್ದುವಿನಲ್ಲಿ ಕೇಳುತ್ತಿದ್ದುದೂ ಇದನ್ನೇ. ಬಾವಿ ಇದೆಯೇ, ಕಾಲುದಾರಿ ಇದೆಯೇ, ಮಳೆ ಬಂದರೆ ನೀರು ಯಾವ ಕಡೆ ಹೋಗುತ್ತದೆ, ದನ ಎಲ್ಲಿ ನಿಲ್ಲುತ್ತವೆ? ಬಂದವರು ತಬ್ಬಿಬ್ಬಾಗಿ ‘ಖಾಲಿ ಜಾಗ ಸಾರ್’ ಎಂದರೆ ಮುಗಿಯಿತು. ‘ಖಾಲಿ ಜಾಗ ಅನ್ನೂದು ದುನಿಯಾದಾಗ ಎಲ್ಲೂ ಇಲ್ರಿ. ಹೋಗಿ ನೋಡಿ ಬರ್ರಿ’ ಎಂದು ವಾಪಸು ಕಳಿಸುವರು.

ಊರಿನ ಅಂಚಿಗೆ ಮಾಸ್ಟರ್ ಪ್ಲಾನು ಕೆಲವು ಕಡೆ ಕಡಿಮೆ ಸಾಂದ್ರತೆಯ ವಸತಿ ಎಂದು ಗುರುತು ಹಾಕಿತ್ತು. ದೊಡ್ಡ ದೊಡ್ಡ ಪ್ಲಾಟು, ಕಡಿಮೆ ಮನೆ, ಸುತ್ತ ಬಯಲು. ಬಿಲ್ಡರುಗಳಿಗೆ ಅದು ಪ್ರಾಣಸಂಕಟ. ನಕ್ಷೆಯಲ್ಲಿ ದೊಡ್ಡ ಪ್ಲಾಟು ತೋರಿಸಿ, ಮಂಜೂರಾದ ಮೇಲೆ ನಡುವೆ ಗೋಡೆ ಎಬ್ಬಿಸಿ ಇಬ್ಬರಿಗೆ ಮಾರುವುದು ಅವರ ಹೂಟ. ಒಂದು ಸಲ ಅಂಥ ನಕ್ಷೆಯೊಂದನ್ನು ನಾನು ಮೂರು ದಿನ ನೋಡಿ ಎಲ್ಲ ಸರಿಯಿದೆ ಎಂದು ಬರೆದುಕೊಟ್ಟೆ. ಅವರು ಕನ್ನಡಕ ಹಣೆಗೇರಿಸಿ ಸ್ವಲ್ಪ ಹೊತ್ತು ನೋಡಿ ನಕ್ಕರು. ‘ಒಂದು ಪ್ಲಾಟಿಗಿ ಎರಡು ನಳ, ಎರಡು ಬಾಗಲಾ. ಅಣ್ಣತಮ್ಮ ಹುಟ್ಟೂದಕ್ಕಿಂತ ಮೊದಲೇ ಪಾಲು ಮಾಡಿಟ್ಟಾರ ನೋಡು ತಂಗಿ.’

ಜಾಗ ನೋಡಲು ಹೋಗುವಾಗ ಬಿಲ್ಡರ್ ಕಳಿಸಿದ ಕಾರು ಹತ್ತುತ್ತಿರಲಿಲ್ಲ, ಎಳನೀರು ಮುಟ್ಟುತ್ತಿರಲಿಲ್ಲ. ಡಬ್ಬಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ಇರುತ್ತಿತ್ತು. ಆ ಜಾಗದಲ್ಲಿ ಬಹಳ ದಿನದಿಂದ ಇರುವ ಒಬ್ಬರನ್ನಾದರೂ ಹುಡುಕಿ ಮಾತಾಡಿಸುವ ತನಕ ಡಬ್ಬಿ ಬಿಚ್ಚುತ್ತಿರಲಿಲ್ಲ. ಹಸಿವಿನಿಂದ ನನಗೆ ಕಣ್ಣು ಕತ್ತಲೆ ಬರುತ್ತಿತ್ತು. ಮೇಕೆ ಕಾಯುವ ಮುದುಕಿಯೊಬ್ಬಳು ಸಿಕ್ಕಿದರೆ ಮಾತ್ರ ನಮಗೆ ಊಟ. ಆ ರೊಟ್ಟಿಗಳಲ್ಲಿ ಎರಡು ಯಾವಾಗಲೂ ನನ್ನ ಪಾಲಿನವು. ‘ಪಿ.ಜಿ.ದಾಗ ಆ ಹುಡುಗಿ ಏನು ತಿಂತಾಳೋ ಏನೋ’ ಎಂದು ಅವರ ಮನೆಯವರು ಹೆಚ್ಚಿಗೆ ಬಡಿದು ಕಳಿಸುತ್ತಿದ್ದರು.

ಉಪ್ಪಲ್ ದಾಟಿದ ಮೇಲೆ ಒಂದು ಹಳ್ಳಿಯ ಪಕ್ಕ ಹೀಗೇ ಒಂದು ಬಡಾವಣೆ ನೋಡಲು ಹೋಗಿದ್ದೆವು. ಅದರ ನಡುವೆ ಆ ಊರಿನ ಲಿಂಗಾಯತರ, ಜಂಗಮರ ಹಳೆಯ ರುದ್ರಭೂಮಿ ಇತ್ತು. ಬಿಲ್ಡರು ಅದನ್ನು ಬಿಡಲು ಒಪ್ಪಿದ್ದ. ಆದರೆ ಮುಂದೆ ಚಂದದ ಕಮಾನು, ಅದಕ್ಕೊಂದು ಕಬ್ಬಿಣದ ಗೇಟು, ಒಳಗೆ ಸಂದಿಯಷ್ಟು ದಾರಿ ಬರೆಸಿದ್ದ. ಇವರು ಪೆನ್ಸಿಲಿನಿಂದ ಗೇಟು ಹೊಡೆದುಹಾಕಿದರು. ದಾರಿ ಅಗಲ ಮಾಡಿ ಎಂದರು. ಕಮಾನು ಎತ್ತರಿಸಿ ಎಂದರು. ಕಮಾನು ಎತ್ತರಿಸುವುದು ಯಾಕೆ ಎಂದು ಬಿಲ್ಡರಿನ ಇಂಜಿನಿಯರ್ ಹುಬ್ಬು ಗಂಟಿಕ್ಕಿದ. ಅವನಿಗೆ ತೆಲುಗಿನಲ್ಲಿ ಹೇಳಿ, ನನ್ನ ಕಡೆ ತಿರುಗಿದರು.

‘ನಮ್ಮ ಮಂದಿ ಮಲಕೊಂಡು ಹೋಗೂದಿಲ್ಲ ತಂಗಿ, ಕುಂತು ಹೋಗ್ತೀವಿ. ವಿಮಾನದಾಗ ಕುಂದ್ರಿಸಿ ಹೆಗಲ ಮ್ಯಾಲ ಒಯ್ತಾರ. ತಲಿಗಿ ಕಮಾನ ಬಡೀತಂದ್ರ ಹೆಂಗ? ಹೊತ್ತವ್ರು ಹೆಗಲಾ ಬದಲಿ ಮಾಡಾಕ ದಾರಿ ಅಗಲ ಬೇಕಾಗತೈತಿ. ಇನ್ನ ಗೇಟು. ಹೆಣ ಹೊತಗೊಂಡು ಬಂದವ್ರು ಚಾವಿ ಯಾರ ಹಂತೇಲಿ ಐತಿ ಅಂತ ಊರೆಲ್ಲ ತಿರಗಬೇಕೇನು?’

ಬಿಲ್ಡರು ಗೊಣಗಿಕೊಂಡೇ ತಿದ್ದಿದ. ಆ ಹೊತ್ತಿಗೆ ನನಗೆ ಅದೊಂದು ತಮಾಷೆಯ ಸಂಗತಿ. ಪಿ.ಜಿ.ಗೆ ಹೋಗಿ ಹುಡುಗಿಯರಿಗೆ ಹೇಳಿ ನಕ್ಕಿದ್ದೆ.

ಅವರ ಇನ್ನೊಂದು ಗುಣವನ್ನೂ ಹೇಳಬೇಕು, ಏಕೆಂದರೆ ಅವರನ್ನು ತಿಂದದ್ದು ಅದೇ. ತಮ್ಮವರಿಗೆ ಸಂಬಂಧಪಟ್ಟ ಕಡತ ಬಂದರೆ ಅವರು ಮುಟ್ಟುತ್ತಿರಲಿಲ್ಲ. ಅಕ್ಕನ ಮಗ ಮನೆಯ ನಕ್ಷೆ ತಂದಾಗ ನೀರೂ ಕುಡಿಸದೆ ಪಕ್ಕದ ವಿಭಾಗಕ್ಕೆ ಅಟ್ಟಿದರು. ಆ ವಿಭಾಗದವರಿಗೆ ಇವನು ನನ್ನ ಅಳಿಯ ಎಂದೂ ಹೇಳಲಿಲ್ಲ. ‘ಹೇಳಿದ್ರ ಸಿಫಾರಸು ಆಗತೈತಿ’ ಎನ್ನುವರು. ಅಕ್ಕ ಎರಡು ವರ್ಷ ಮಾತು ಬಿಟ್ಟಿದ್ದರಂತೆ. ನಾನು ಆಗ ಇದನ್ನೆಲ್ಲ ಬಹಳ ಮೆಚ್ಚುತ್ತಿದ್ದೆ. ಈಗ ಅಷ್ಟು ಮೆಚ್ಚಲಾರೆ.

ಅವರು ಮಣಿಕೊಂಡದಲ್ಲಿ ಬಾಡಿಗೆಗಿದ್ದರು. ಸುತ್ತ ಕಲ್ಲು ಒಡೆಯುವ, ಕಟ್ಟಡ ಕೆಲಸದ ಯಾದಗಿರಿ, ರಾಯಚೂರು ಕಡೆಯ ಜನರ ಶೆಡ್ಡುಗಳು. ಅವರ ಹೆಂಡತಿಗೆ ಆ ಶೆಡ್ಡುಗಳ ಹೆಂಗಸರೇ ಬಳಗ. ನಳದ ಹತ್ತಿರ ನಿಂತರೆ ಕೊಡ ತುಂಬಿ ಹರಿದರೂ ಮಾತು ಮುಗಿಯುತ್ತಿರಲಿಲ್ಲ. ಆ ಕೆಲಸಗಾರರಲ್ಲಿ ಯಾರಾದರೂ ತೀರಿಕೊಂಡರೆ ಊರಿಗೆ ಒಯ್ಯಲು ಆಗದವರನ್ನು ಹತ್ತಿರದ ಒಂದು ಬೀಳು ಹೊಲದ ಮೂಲೆಯಲ್ಲಿ ಮಣ್ಣು ಮಾಡುತ್ತಿದ್ದರು. ಹೊಲದ ಯಜಮಾನ ಒಳ್ಳೆಯವನು, ಬೇಡ ಎಂದಿರಲಿಲ್ಲ.

ಆ ತಾಯಿಗೆ ಕಾಯಿಲೆ ಬಂದು ಆಸೆ ಇಲ್ಲ ಎಂದು ಡಾಕ್ಟರು ಹೇಳಿದ ಮೇಲೆ ನಾನು ನೋಡಲು ಹೋಗಿದ್ದೆ. ನನ್ನೆದುರಿಗೇ ಗಂಡನಿಗೆ ಹೇಳಿದರು. ‘ನನ್ನ ಊರಿಗಿ ಒಯ್ಯಬ್ಯಾಡ್ರಿ. ಅಲ್ಲಿಟ್ರ ವರ್ಷಕ್ಕೊಮ್ಮಿ ಬರ್ತೀರಿ. ಇಲ್ಲೇ ನಮ್ಮ ಮಂದಿ ಜೋಡಿ ಇಟ್ರ ಸ್ವಾಮಾರಕ್ಕೊಮ್ಮಿ ಬರ್ತೀರಿ.’ ಅವರು ತಲೆ ಅಲ್ಲಾಡಿಸಿದರು. ಹಾಗೆಯೇ ಮಾಡಿದರು. ಶೆಡ್ಡಿನವರೇ ಗುಂಡಿ ತೋಡಿದರು, ಅವರೇ ಹೊತ್ತರು. ನಾನೂ ಒಂದು ಹಿಡಿ ಮಣ್ಣು ಹಾಕಿದೆ. ಕಲ್ಲು ನಿಲ್ಲಿಸಲಿಲ್ಲ, ಒಂದು ಬಿಲ್ವದ ಸಸಿ ನೆಟ್ಟರು. ಜೀವಮಾನದಲ್ಲಿ ಕಾಗದಪತ್ರವಿಲ್ಲದೆ ಬರೀ ಬಾಯಿಮಾತಿನ ಮೇಲೆ ಅವರು ನಡೆದುಕೊಂಡದ್ದು ಅದೊಂದೇ ಸಲ. ಸೋಮವಾರ ಬೆಳಿಗ್ಗೆ ಅಲ್ಲಿಗೆ ಹೋಗಿ, ಅಲ್ಲಿಂದಲೇ ಕಚೇರಿಗೆ ಬರುತ್ತಿದ್ದರು. ಅವತ್ತು ಬೂಟಿಗೆ ಕೆಂಪು ಮಣ್ಣು ಇರುತ್ತಿತ್ತು.

ವರ್ಷ ತುಂಬುವುದರೊಳಗೆ ಆ ಹೊಲದ ಯಜಮಾನ ಸತ್ತ, ಮಕ್ಕಳು ಮಾರಿದರು. ಕೊಂಡ ಬಿಲ್ಡರು ಅಕ್ಕಪಕ್ಕದ್ದೂ ಸೇರಿಸಿ ವಿಲ್ಲಾ ಬಡಾವಣೆಗೆ ಅರ್ಜಿ ಹಾಕಿದ. ಕಡತ ಬಂದದ್ದು ನಮ್ಮ ಮೇಜಿಗೇ. ಬಿಲ್ಡರ್ ಕಡೆಯ ಹುಡುಗ ನಕ್ಷೆ ಹಾಸಿದ. ಅವರು ಅಭ್ಯಾಸದಂತೆ ಮಗುಚಿಹಾಕಲು ಕೈಯೆತ್ತಿ, ಸರ್ವೆ ನಂಬರು ನೋಡಿದರು, ರಸ್ತೆಯ ತಿರುವು ನೋಡಿದರು. ಆಮೇಲೆ ಮಗುಚಿದರು. ಬಿಳಿ ಬೆನ್ನಿನ ಮೇಲೆ ಅಂಗೈ ಇಟ್ಟರು. ‘ಈಗ ಏನೈತಿ’ ಎಂದು ಕೇಳಲಿಲ್ಲ. ಹುಡುಗ ಕಾಯುತ್ತ ನಿಂತಿದ್ದ. ನಾನೂ ಕಾಯುತ್ತಿದ್ದೆ. ಅವರು ಹಾಳೆ ಮಡಿಸಿ, ಈ ಜಾಗದಲ್ಲಿ ತಮಗೆ ಸ್ವಂತ ಸಂಬಂಧವಿರುವುದರಿಂದ ಕಡತವನ್ನು ಬೇರೆ ಅಧಿಕಾರಿಗೆ ಕೊಡಬೇಕು ಎಂದು ಬರೆದು ಕಳಿಸಿಬಿಟ್ಟರು.

ಹುಡುಗ ಹೋದ ಮೇಲೆ ನಾನು ಜಗಳಕ್ಕೇ ನಿಂತೆ. ‘ಸರ್, ಒಂದೇ ಒಂದು ಸಾಲು ಬರೆಯಿರಿ. ಮೂಲೆಯಲ್ಲಿ ಸಮಾಧಿಗಳಿವೆ ಅಂತ. ಸಾಕು.’

‘ಬರದ್ರ ನನ್ನ ಹೆಂಡತಿ ಸಲುವಾಗಿ ಬರದಂಗಾಗತೈತಿ.’

‘ಆದರೆ ಆಗಲಿ. ಸುಳ್ಳಲ್ಲವಲ್ಲ!’

‘ಸುಳ್ಳಲ್ಲ ತಂಗಿ. ಆದ್ರ ನನ್ನ ಬಾಯಾಗ ಬರಬಾರ್ದು. ಅಂವ ಹೋಗ್ತಾನ, ನೋಡ್ತಾನ, ಕಾಣಸ್ತೈತಿ. ಕಣ್ಣಿಲ್ಲೇನು ಅಂವಗ?’

ಎಲ್ಲರೂ ತಮ್ಮ ಹಾಗೆಯೇ ಜಾಗ ನೋಡುತ್ತಾರೆ ಎಂದು ಅವರು ನಂಬಿದ್ದರು. ಅವರು ಮಾಡಿದ ತಪ್ಪು ಅಷ್ಟೇ. ನಾನು ತಡೆಯಲಾರದೆ ಆ ಅಧಿಕಾರಿಯ ಬಳಿ ಹೋಗಿ ಹೇಳಿದೆ. ಆ ಹೊತ್ತಿಗೆ ಅವರು ಹೋಗಿ ನೋಡಿಕೊಂಡು ಬಂದಾಗಿತ್ತು. ಖಾಲಿ ಜಾಗ, ಕಣ್ಣಾರೆ ನೋಡಿದ್ದೇನೆ ಎಂದರು. ಅದೂ ಸುಳ್ಳಲ್ಲ. ಆ ಸೋಮವಾರ ಕಳೆದ ಮೇಲೆ, ಅಧಿಕಾರಿ ಹೋಗುವ ಮುಂಚೆಯೇ, ಬಿಲ್ಡರು ಯಂತ್ರ ತಂದು ಕಳೆ, ಪೊದೆ, ದಿಬ್ಬ ಎಲ್ಲ ಹೆರೆದು ಸಮ ಮಾಡಿಸಿದ್ದ. ಕಲ್ಲು ಕೆಲಸದವರ ಶೆಡ್ಡುಗಳು ಬೇರೆ ಕಡೆಗೆ ಎದ್ದುಹೋಗಿದ್ದವು. ಯಾರನ್ನು ಕೇಳಬೇಕು? ಮಿಕ್ಕಿದ್ದೆಲ್ಲ ನಿಯಮದ ಪ್ರಕಾರವೇ ಇತ್ತು. ವಲಯ ಸರಿ, ಪ್ಲಾಟಿನ ಅಳತೆ ಸರಿ, ರಸ್ತೆ ಸರಿ. ಆ ಮೂಲೆ ತಗ್ಗಿನಲ್ಲಿದ್ದುದರಿಂದ, ಪ್ಲಾಟಿಗೆ ಬಾರದ ತಗ್ಗನ್ನು ಎಲ್ಲ ಬಿಲ್ಡರುಗಳೂ ಮಾಡುವಂತೆ, ಪಾರ್ಕಿಗೆ ಬಿಟ್ಟಿದ್ದ. ಆ ಅಧಿಕಾರಿ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಬೈದುಕೊಂಡು ಸಮಾಧಾನವಾದರೂ ಆಗುತ್ತಿತ್ತು.

ವಾಪಸು ಬಂದು ಸರ್‌ಗೆ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು. ‘ಬಿಲ್ವದ ಗಿಡ?’

‘ಅದೂ ಇಲ್ಲವಂತೆ ಸರ್. ಈಗಲಾದರೂ ಒಂದು ಆಕ್ಷೇಪಣೆ ಕೊಡಿ.’

‘ಏನಂತ ಕೊಡ್ಲಿ? ನನ್ನ ಮುಂದ ಯಾರರೆ ಹಿಂಗ ಬಂದಿದ್ರ ಕಾಗದಾ ಎಲ್ಲೈತಿ ಅಂತ ನಾನೇ ಕೇಳ್ತಿದ್ದೆ. ಈಗ ಏನೈತಿ ಅಂತ ಕೇಳಿದ್ರ... ಈಗ ಏನೂ ಇಲ್ಲ.’

ನಾನು ಎದ್ದು ಹೊರಗೆ ಹೋಗಿ ಅತ್ತೆ. ಅವರು ಅಳಲಿಲ್ಲ. ಸಂಜೆಯವರೆಗೆ ಬೇರೆ ಕಡತ ನೋಡಿದರು, ಅದರಲ್ಲಿ ಒಂದು ತಪ್ಪನ್ನೂ ಬಿಡಲಿಲ್ಲ. ನಿವೃತ್ತಿಯಾಗುವ ತನಕ ಆಮೇಲೆ ಅವರು ಯಾವ ನಕ್ಷೆಯನ್ನೂ ಮಗುಚಿಹಾಕಿದ್ದನ್ನು ನಾನು ನೋಡಲಿಲ್ಲ. ಜನ ತಂದದ್ದನ್ನು ತಂದ ಹಾಗೆಯೇ ನೋಡುತ್ತಿದ್ದರು.

ವಿಲ್ಲಾಗಳಿಗೆ ಜನ ಬಂದು, ಪಾರ್ಕಿನಲ್ಲಿ ಹುಲ್ಲು ಎದ್ದ ಮೇಲೆ ಒಂದು ಸೋಮವಾರ ‘ಬರ್ತೀಯೇನು ತಂಗಿ’ ಎಂದು ಕರೆದರು. ಆಗ ಅವರು ನಿವೃತ್ತರು. ಬಡಾವಣೆಯ ದೊಡ್ಡ ಗೇಟಿನಲ್ಲಿ ಕಾವಲಿನವನು ತಡೆದ. ನಡುವಯಸ್ಸಿನವನು. ಹಿಂದಿಯಲ್ಲಿ ಶುರು ಮಾಡಿದವನು ಇವರ ವಿಭೂತಿ ನೋಡಿ, ನಮ್ಮಿಬ್ಬರ ಮಾತು ಕೇಳಿ ಕನ್ನಡಕ್ಕೆ ಬಂದ.

‘ಯಾರ ಮನಿಗಿ ಬಂದೀರಿ ಯಪ್ಪಾ? ಮನಿ ನಂಬರ್ ಹೇಳ್ರಿ, ಫೋನ್ ಮಾಡಿ ಕೇಳಬೇಕು.’

‘ಮನಿಗಿ ಅಲ್ಲೋ. ಪಾರ್ಕಿಗಿ ಬಂದೀನಿ.’

‘ಪಾರ್ಕು ಇಲ್ಲಿರೋರಿಗಿ ಅಷ್ಟರಿ.’

ಬಡಾವಣೆಯ ಪಾರ್ಕು ಸಾರ್ವಜನಿಕರದ್ದು, ಇದನ್ನು ಬೀಗ ಹಾಕಿ ಇಟ್ಟುಕೊಳ್ಳುವಂತಿಲ್ಲ ಎಂದು ನಾನು ಬಾಯಿ ತೆಗೆದೆ. ಅವರು ಕೈ ಅಡ್ಡ ಹಿಡಿದರು. ‘ನನ್ನ ಹೆಂಡತಿನ ಇಲ್ಲಿ ಮಣ್ಣು ಮಾಡೀವಿ,’ ಎಂದರು ಅವನಿಗೆ. ‘ಈಗ ಜಾರುಬಂಡಿ ಐತೆಲ್ಲ, ಆ ಮೂಲ್ಯಾಗ.’

ಅವನ ಮುಖ ಬದಲಾಯಿತು. ಗೇಟು ತೆರೆದು ಬದಿಗೆ ನಿಂತ. ನಾವು ಒಳಗೆ ಹೋಗುವಾಗ ಹಿಂದಿನಿಂದ ಹೇಳಿದ, ‘ನಮ್ಮ ಕಾಕಾನೂ ಅಲ್ಲೇ ಅದಾನ್ರಿ. ಕಲ್ಲು ಬಿದ್ದು ಸತ್ತಾಂವ. ನಾನೇ ಗುಂಡಿ ತೋಡಿದ್ದೆ.’

ಅವರು ನಿಂತರು. ‘ಮತ್ತ ಹೇಳಬಾರ್ದೇನೋ ಯಾರಿಗರೆ?’

‘ಯಾರೂ ಕೇಳಲಿಲ್ರಿ,’ ಎಂದ ಅವನು.

ಅವತ್ತು ಬೆಂಚಿನ ಮೇಲೆ ಕೂತು ಅವರು ಅತ್ತದ್ದನ್ನು ನಾನು ನೋಡಿದೆ. ಕೈಯಲ್ಲಿ ಒಂದು ಬಿಲ್ವಪತ್ರೆ ಇತ್ತು. ಮಕ್ಕಳು ಕಿರುಚುತ್ತ ಜಾರುತ್ತಿದ್ದವು. ಹೋಗುವಾಗ ಪತ್ರೆಯನ್ನು ಬೆಂಚಿನ ಕೆಳಗೆ ಮೆಲ್ಲಗೆ ಇಟ್ಟರು, ಯಾರಿಗೂ ಕಾಣದ ಹಾಗೆ.

ಕಾವಲಿನವನ ದಯೆಯಿಂದ ಹೀಗೆ ಕೆಲವು ತಿಂಗಳು ನಡೆಯಿತು. ಆಮೇಲೆ ಅಲ್ಲಿಯ ಸಂಘದವರು, ಯಾರೋ ಮುದುಕ ಬಂದು ಮಕ್ಕಳನ್ನು ನೋಡುತ್ತ ಕೂರುತ್ತಾನೆ ಎಂದು ತಕರಾರು ಎತ್ತಿದರು. ಕಾನೂನು ನಮ್ಮ ಕಡೆ ಇದೆ, ಅರ್ಜಿ ನಾನು ಬರೆಯುತ್ತೇನೆ ಎಂದು ಕುದಿದೆ. ಅವರು ಒಪ್ಪಲಿಲ್ಲ. ‘ಮಕ್ಕಳು ಆಡೂ ಜಾಗದಾಗ ಗುರ್ತಿಲ್ಲದಾಂವ ಸುಮ್ಮನ ಕುಂತ್ರ ತಾಯಂದ್ರಿಗಿ ಹೆದರಿಕಿ ಬರೂದಾ. ಅವ್ರದೇನು ತಪ್ಪೈತಿ?’ ಎಂದರು. ಯಾವಾಗಲೂ ಇನ್ನೊಬ್ಬರ ಕಡೆಯಿಂದಲೇ ನೋಡುವ ಅವರ ಈ ಗುಣಕ್ಕೆ ನನಗೆ ಇವತ್ತಿಗೂ ಸಿಟ್ಟಿದೆ. ಒಂದು ಸಲ, ಒಂದೇ ಒಂದು ಸಲ, ಇದು ನನ್ನದು ಎಂದು ಹೇಳಬಾರದಾಗಿತ್ತೇ?

ಮುಂದೆ ಅವರು ಬಡಾವಣೆಯ ಕಾಂಪೌಂಡಿನ ಹೊರಗೆ, ಬೇವಿನ ಮರದ ಕೆಳಗೆ ಕೂತು ಬರುತ್ತಿದ್ದರು. ಮೊಣಕಾಲು ಕೈಕೊಟ್ಟ ಮೇಲೆ ಮಗಳು ಉಪ್ಪಲ್‌ನ ತನ್ನ ಮನೆಗೆ ಕರೆದೊಯ್ದಳು. ಊರಿನ ಆ ತುದಿಯಿಂದ ಈ ತುದಿಗೆ ಬರಲಾಗಲಿಲ್ಲ. ನಾನು ಹೋದಾಗಲೆಲ್ಲ ‘ಆ ಕಡೆ ಹೋಗಿದ್ದೇನು?’ ಎಂದು ಕೇಳುತ್ತಿದ್ದರು. ಹೋಗಿದ್ದೆ ಎಂದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

ಫೋನಿನಲ್ಲಿ ಮಗಳು ಇನ್ನೂ ಅಳುತ್ತಿದ್ದಳು. ನನಗೆ ಆ ಎತ್ತರದ ಕಮಾನು ನೆನಪಾಯಿತು. ‘ನಿನ್ನ ಮನೆಯಿಂದ ದೂರವಿಲ್ಲ, ಒಂದು ಜಾಗ ಇದೆ. ಅದಕ್ಕೆ ಗೇಟಿಲ್ಲದ ದಾರಿ ಬಿಡಿಸಿದ್ದು ಅಪ್ಪಾಜಿಯೇ,’ ಎಂದೆ. ಆ ಹಳ್ಳಿಯ ಹಿರಿಯರೊಬ್ಬರನ್ನು ಹುಡುಕಿ ಕೇಳಿದೆವು. ‘ಕಮಾನಿನ ಸಾಹೇಬರಾ?’ ಎಂದು ಕೇಳಿ, ಕರೆತನ್ನಿ ಎಂದರು.

ಮರುದಿನ ಅವರು ವಿಮಾನದಲ್ಲಿ ಕೂತು ಬಂದರು. ವಿಭೂತಿ ಅವತ್ತು ಕರಗಿರಲಿಲ್ಲ. ಕಮಾನಿನ ಕೆಳಗೆ ಹೊತ್ತವರು ಬಗ್ಗಲಿಲ್ಲ, ನಿಲ್ಲಲಿಲ್ಲ. ಆ ಅಗಲದ ದಾರಿಯಲ್ಲಿ ನಡೆಯುತ್ತಲೇ ಹೆಗಲು ಬದಲಿಸಿದರು. ಪಿ.ಜಿ.ಯ ಹುಡುಗಿಯರಿಗೆ ಹೇಳಿ ನಕ್ಕಿದ್ದೆನಲ್ಲ, ಅದನ್ನೇ ನೋಡುತ್ತ ಅವರ ಹಿಂದೆ ನಡೆದೆ.

ಎಲ್ಲರ ಹಿಡಿ ಮಣ್ಣು ಮುಗಿಯುವ ಹೊತ್ತಿಗೆ ಆ ಕಾವಲಿನವನು ಬಂದ. ನಾನೇ ತಿಳಿಸಿದ್ದೆ. ದಾರಿಯ ತುದಿಯಲ್ಲಿ ನಿಂತು ಆಚೀಚೆ ನೋಡುತ್ತಿದ್ದ. ಹತ್ತಿರ ಹೋದೆ.

‘ಇಲ್ಲಿ ಯಾರನ್ನ ಕೇಳಿ ಒಳಗ ಬರಬೇಕ್ರಿ ಅಕ್ಕಾರ?’

‘ಯಾರನ್ನೂ ಕೇಳಬೇಕಿಲ್ಲ. ಬನ್ನಿ.’

ಅವನ ಟವೆಲಿನ ಗಂಟಿನಲ್ಲಿ ಕೆಂಪು ಮಣ್ಣಿತ್ತು. ‘ಜಾರುಬಂಡಿ ಹತ್ರದ್ದ್ರಿ,’ ಎಂದ ಮೆಲ್ಲಗೆ. ಅದನ್ನು ಸಾಹೇಬರ ಮೇಲೆ ಹಾಕಲಿಲ್ಲ. ಅವರ ಎಡಗಡೆಗೆ, ಹೆಂಡತಿ ಕೂರುವ ಕಡೆಗೆ, ಬಗ್ಗಿ ಸುರಿದು ಅಂಗೈಯಿಂದ ಸಣ್ಣ ಗುಡ್ಡೆ ಮಾಡಿದ. ಮಗಳು ‘ಅಮ್ಮಾ’ ಎನ್ನುತ್ತ ಓಡಿಬಂದು ಅದರ ಮೇಲೆ ಪತ್ರೆ ಇಟ್ಟು ಕೂತುಬಿಟ್ಟಳು.

ನಾನು ಕಣ್ಣೊರೆಸಿಕೊಂಡು ಆ ಹಿರಿಯರ ಬಳಿ ಹೋದೆ. ಸಾಹೇಬರ ಪಕ್ಕದ ಖಾಲಿ ಜಾಗವನ್ನು ಬೇರೆ ಯಾರಿಗೂ ಕೊಡಬೇಡಿ ಎಂದು ನನ್ನ ಅರೆಬರೆ ತೆಲುಗಿನಲ್ಲಿ ಬೇಡಿಕೊಂಡೆ. ಅವರು ಅಲ್ಲಿ ಕೂತಿದ್ದ ಮಗಳನ್ನು, ಆ ಗುಡ್ಡೆಯನ್ನು ನೋಡಿದರು.

‘ಖಾಲಿ ಎಲ್ಲಿದೆಯಮ್ಮಾ,’ ಎಂದರು. ‘ಅಮ್ಮನವರು ಬಂದಾಯಿತಲ್ಲ.’